ಎಲ್ಲರನ್ನೂ ಕರೆದ ದಿನ

ಸ್ಯಾನ್ ಫ್ರಾನ್ಸಿಸ್ಕೋದ ಆ ಸರ್ಕಾರಿ ಕಚೇರಿಯಲ್ಲಿ, "ಇನ್ನು ಯಾರಾದರೂ ಮಾತಾಡುವವರು ಇದ್ದೀರಾ?" ಎಂದು ಕೇಳಿದಾಗ ನಾನು ಎದ್ದು ನಿಲ್ಲಲಿಲ್ಲ. ನಿಲ್ಲಬೇಕಿತ್ತು. ನನ್ನ ತಮ್ಮ ಪಕ್ಕದಲ್ಲೇ ಕೂತಿದ್ದ. ತನ್ನ ಹಳೆಯ ಸ್ನೇಹಿತನ ಮೇಲೆ ಅವನು ಆಗತಾನೇ ಒಂದು ಅಪವಾದ ಹೊರಿಸಿ ಬಂದು ಕೂತಿದ್ದ. ಆ ಕೆಲಸ ಮಾಡಿದ್ದು ಸ್ನೇಹಿತನಲ್ಲ, ನಾನು. ಅದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾಲ್ಕು ಮಾತು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಆದರೂ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಾ ಕೂತೆ.

ನಾವು ಹಾಸನದ ಕಡೆಯವರು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ನನ್ನ ಗಂಡನನ್ನು ಇಲ್ಲಿನ ಹೋಟೆಲಿನವರೊಬ್ಬರು ಅಡುಗೆಗೆಂದು ಕರೆಸಿಕೊಂಡಿದ್ದರಿಂದ, ಇಂಜಿನಿಯರ್ ಆದ ತಮ್ಮನಿಗಿಂತ ಮೊದಲೇ ನಾನು ಅಮೆರಿಕಕ್ಕೆ ಬಂದಿದ್ದೆ. ಬೆರ್ರಿಯೆಸಾ ಅನ್ನುವ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸಂಸಾರ. ವಾರದ ದಿನಗಳಲ್ಲಿ ನಮ್ಮ ಜನರ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೆ. ಭಾನುವಾರ ಸನ್ನಿವೇಲಿನ ದೇವಸ್ಥಾನದ ಅಡುಗೆಮನೆಯಲ್ಲಿ ಪ್ರಸಾದದ ಕೆಲಸ. ತಮ್ಮ ಬಂದಾಗ ಮೊದಲು ಕೆಲವು ತಿಂಗಳು ನಮ್ಮಲ್ಲೇ ಇದ್ದು, ಆಮೇಲೆ ಸನ್ನಿವೇಲಿನಲ್ಲಿ ಮನೆ ಮಾಡಿದ. ಅಲ್ಲಿ ಆಫೀಸಿನಲ್ಲಿ ಜೊತೆಗಿದ್ದ ಧಾರವಾಡದ ಗೆಳೆಯನೊಬ್ಬನೊಡನೆ ಸೇರಿ ಒಂದು ಕಂಪನಿ ಶುರು ಮಾಡಿದ. ಅಂಗಡಿಯವರು ಗೋಡೌನಿಗೆ ಹೋಗದೆಯೇ ಅಲ್ಲಿ ಏನೇನಿದೆ ಎಂದು ಇಂಟರ್ನೆಟ್ಟಿನಲ್ಲಿ ನೋಡಿಕೊಳ್ಳಬಹುದು; ಆ ಕಂಪನಿಯ ಬಗ್ಗೆ ನನಗೆ ಅರ್ಥವಾಗಿದ್ದು ಇಷ್ಟೇ.

ಆ ಗೆಳೆಯನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಸುಳ್ಳು ಹೇಳುವುದಿಲ್ಲ, ನಾನು ಸ್ವಭಾವದಿಂದಲೇ ಅನುಮಾನದವಳು. ಗ್ರೋಸರಿ ಅಂಗಡಿಯಿಂದ ತಂದ ಬೇಳೆಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತಿದ್ದೆ. ಯಾರಾದರೂ ನನ್ನ ಅಡುಗೆಯನ್ನು ಎರಡು ಸಲ ಹೊಗಳಿದರೆ ಇವರಿಗೆ ಏನೋ ಬೇಕಾಗಿದೆ ಅಂದುಕೊಳ್ಳುತ್ತಿದ್ದೆ. ಆತ ಹೊಗಳುತ್ತಿರಲಿಲ್ಲ. ಆದರೆ ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದಿಡಬೇಕು ಅನ್ನುತ್ತಿದ್ದ. ವಕೀಲರನ್ನು ಕೇಳೋಣ, ನಿಯಮ ಏನಿದೆ ನೋಡೋಣ ಅನ್ನುವುದೇ ಬಾಯಿಪಾಠ. ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸಲಿಗೆ ಇರುವ ಗೆಳೆಯನ ಜೊತೆ ಕಾಗದ ಯಾಕೆ? ನಂಬಿಕೆ ಇದ್ದವರು ಕಾಗದ ಕೇಳುತ್ತಾರಾ? ಹೀಗಿತ್ತು ನನ್ನ ತರ್ಕ.

ಆಗ ದಿನಕ್ಕೊಂದು ಇಂಟರ್ನೆಟ್ ಕಂಪನಿ ಹುಟ್ಟುತ್ತಿದ್ದ ಡಾಟ್‌ಕಾಮ್ ಕಾಲ. ಬಾಯಿ ತೆರೆದವರೆಲ್ಲ ಷೇರಿನ ಮಾತೇ ಆಡುತ್ತಿದ್ದರು. ಮಗುವನ್ನು ನನ್ನಲ್ಲಿ ಬಿಡಲು ಬರುವ ತಾಯಂದಿರು ಚಪ್ಪಲಿ ಕಳಚುವ ಮೊದಲೇ ಅದನ್ನು ಶುರು ಮಾಡುತ್ತಿದ್ದರು. ಯಾರಿಗೋ ಸಿಕ್ಕಿತು, ತಮಗೆ ಯಾರೂ ಹೇಳಲಿಲ್ಲ ಅನ್ನುವುದೇ ಎಲ್ಲರ ದುಃಖ.

ಒಂದು ಸಂಜೆ ತಮ್ಮ ನಮ್ಮನೆಗೆ ಊಟಕ್ಕೆ ಬಂದವನು, ಕಂಪನಿಗೆ ದುಡ್ಡು ಬೇಕಾಗಿದೆ, ಷೇರು ಕೊಡಬೇಕು ಅಂದ. ಅದಕ್ಕೆ ಎರಡು ಕಡೆಯ ಕಾನೂನು ಇದೆಯಂತೆ, ವಾಷಿಂಗ್ಟನ್ನಿನದು ಒಂದು, ಈ ಕ್ಯಾಲಿಫೋರ್ನಿಯಾದ್ದು ಒಂದು. ಇಬ್ಬರ ಮುಂದೆಯೂ ಕಂಪನಿಯ ಒಳಗು ಹೊರಗನ್ನೆಲ್ಲ ಬಿಚ್ಚಿಟ್ಟು ಅರ್ಜಿ ಹಾಕಿ ಒಪ್ಪಿಗೆ ಪಡೆಯುವುದು ಸಣ್ಣ ಕಂಪನಿಯ ಕೈಲಾಗುವ ಕೆಲಸವಲ್ಲ. ಅದಕ್ಕೇ ಒಂದು ವಿನಾಯಿತಿ ಇಟ್ಟಿದ್ದಾರೆ, ಮೊದಲಿನಿಂದ ಗುರುತಿರುವ ಕೆಲವರಿಗೆ ಮಾತ್ರ, ಜಾಹೀರಾತಿಲ್ಲದೆ ಮಾರಿದರೆ ಆ ಅರ್ಜಿ ಬೇಕಾಗಿಲ್ಲ ಎಂದು ವಿವರಿಸಿದ. ನನಗೆ ಕೇಳುತ್ತಿದ್ದ ಹಾಗೇ ಅದು ಮದುವೆ ಮನೆಯ ಎರಡು ಕಡೆಯ ಬೀಗರಂತೆ ಕಂಡಿತು. ಒಬ್ಬರನ್ನು ಸುಮ್ಮನಾಗಿಸಿದರೆ ಇನ್ನೊಬ್ಬರು ಮುಖ ಊದಿಸಿಕೊಳ್ಳುತ್ತಾರೆ.

"ಕೆಲವರಿಗೆ ಮಾತ್ರ ಅಂದ್ರೆ ಹೆಂಗೋ?" ಅಂದೆ. "ಉಳಿದೋರು ಏನಂದ್ಕೋತಾರೆ?"

"ಇದು ಮದುವೆ ಅಲ್ಲ ಅಕ್ಕ," ಎಂದು ನಕ್ಕ.

ನನಗೆ ಅದು ಮದುವೆಯೇ ಆಗಿತ್ತು. ನಮ್ಮ ತಾಯಿ ಮನೆಯಲ್ಲಿ ಏನೇ ಕಾರ್ಯವಾದರೂ ಬೀದಿಯ ಎರಡೂ ಸಾಲಿನ ಮನೆಗಳಿಗೆ ಕುಂಕುಮ ಕೊಟ್ಟು ಕರೆದು ಬರಲು ನನ್ನನ್ನು ಕಳಿಸುತ್ತಿದ್ದರು. ಮಾತು ಬಿಟ್ಟವರ ಮನೆಗೂ ಹೋಗಬೇಕಿತ್ತು. ಅವರು ಬರುವುದು ಬಿಡುವುದು ಅವರ ಇಷ್ಟ, ಆದರೆ ಕರೆಯಲಿಲ್ಲ ಅನ್ನಿಸಿಕೊಳ್ಳಬಾರದು. ಒಮ್ಮೆ ನಾನು ಒಂದು ಮನೆ ಮರೆತು ಬಂದಿದ್ದಕ್ಕೆ ಆ ಮನೆಯವರು ನಮ್ಮ ಜೊತೆ ಮಾತು ಬಿಟ್ಟರು. ನಾನು ಮದುವೆಯಾಗಿ ಬರುವವರೆಗೂ ಮತ್ತೆ ಮಾತಾಡಲಿಲ್ಲ. ಗೊತ್ತಿರುವ ಕೆಲವರನ್ನೇ ಕರೆದು ಉಳಿದವರಿಂದ ಮುಚ್ಚಿಡಬೇಕು ಎಂದು ಒಂದು ಸರ್ಕಾರ ಕಾನೂನು ಮಾಡುತ್ತದೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಇದರಲ್ಲೂ ಆ ಧಾರವಾಡದವನ ಕೈವಾಡವಿದೆ, ತನಗೆ ಬೇಕಾದವರಿಗೆ ಮಾತ್ರ ಕೊಡಿಸಿಕೊಳ್ಳಲು ಹೂಡಿದ ಆಟ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡೆ.

ತಮ್ಮ ಒಂದು ಭಾನುವಾರ ದೇವಸ್ಥಾನದ ಪಕ್ಕದ ಹಾಲ್ ಕೇಳಿ ಇಟ್ಟುಕೊಂಡ. ತುಂಬ ಹಳೆಯ ಪರಿಚಯದ ನಾಲ್ಕಾರು ಮನೆಯವರನ್ನು ಊಟದ ನಂತರ ಅಲ್ಲಿ ಕೂರಿಸಿ ಮಾತಾಡುವುದು ಎಂದಿತ್ತು. ಅವತ್ತು ನಾನು ಅಡುಗೆಮನೆಯಲ್ಲಿ ಪುಳಿಯೋಗರೆ ಕಲೆಸುತ್ತಿದ್ದೆ. ಮಂಗಳಾರತಿ ಆದ ಮೇಲೆ ಮೈಕಿನಲ್ಲಿ ಪ್ರಕಟಣೆಗಳಿರುತ್ತಿದ್ದವು. ಯಾರದೋ ಕಾರಿನ ದೀಪ ಉರಿಯುತ್ತಿದೆ, ಯಾರದೋ ಮಗುವಿನ ಸ್ವೆಟರ್ ಸಿಕ್ಕಿದೆ, ಇಂಥವು. ಅದನ್ನು ಹೇಳುವ ಹಿರಿಯರೊಬ್ಬರು ಕಾಫಿಗೆಂದು ಅಡುಗೆಮನೆಯ ಬಾಗಿಲಿಗೆ ಬಂದರು. ಲೋಟ ಕೈಗೆ ಕೊಡುತ್ತಾ ನಾನು ಅವರಿಗೆ, ಷೇರು ತಗೊಳ್ಳುವ ಮನಸ್ಸಿರುವವರು ಊಟ ಆದ ಮೇಲೆ ಪಕ್ಕದ ಹಾಲಿಗೆ ಬರಬೇಕಂತೆ, ಎಲ್ಲರೂ ಬರಬಹುದಂತೆ, ಮೈಕಿನಲ್ಲಿ ಹೇಳಬೇಕಂತೆ, ಕಂಪನಿಯವರು ಹೇಳಿ ಕಳಿಸಿದ್ದಾರೆ ಅಂದೆ. ಕಂಪನಿಯವರು ಯಾರೂ ಹೇಳಿ ಕಳಿಸಿರಲಿಲ್ಲ. ಅಡುಗೆ ಮಾಡುವವಳ ಮಾತು ಎಂದರೆ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಹಾಗೆ ಸೇರಿಸಿದೆ. ಅವರು ಹೇಳಿದರು. ಬಂಧುಗಳೆಲ್ಲ ಬರಬೇಕು ಎಂದು ತಮ್ಮದೂ ಒಂದು ಮಾತು ಸೇರಿಸಿದರು. ಒಗ್ಗರಣೆ ಸೌಟು ಹಿಡಿದುಕೊಂಡೇ ನಾನು ಅದನ್ನು ಕೇಳಿ ಹಿಗ್ಗಿದೆ.

ತಮ್ಮ ಆಗ ಹೊರಗೆ ಪಾರ್ಕಿಂಗಿನಲ್ಲಿದ್ದ. ಊಟದ ನಂತರ ಒಳಗೆ ಬರುವಷ್ಟರಲ್ಲಿ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮುಖ ನೋಡಿದ ನೆನಪೂ ಇಲ್ಲದವರು ಅರ್ಧ. ಪ್ರಕಟಣೆಗೆ ಸ್ವಲ್ಪ ಮೊದಲು ಗೆಳೆಯ ಮೈಕಿನ ಹತ್ತಿರ ಇದ್ದ. ಸ್ಪೀಕರು ಕಿರುಚುತ್ತಿತ್ತೆಂದು ಯಾರೋ ಅದನ್ನು ಸರಿಮಾಡಲು ಕರೆದಿದ್ದರು. ಈಗ ಜನರನ್ನು ನೋಡಿ ಆತ ಓಡುತ್ತಾ ಬಂದು ತಮ್ಮನನ್ನು ಬಾಗಿಲಿನ ಹೊರಕ್ಕೆ ಎಳೆದ. ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ಇದ್ದೆ.

"ಇಷ್ಟು ಮಂದೀನ್ನ ಕರದವರು ಯಾರಪಾ? ವಕೀಲರು ಹೇಳಿದ್ದು ಮರತಿಯೇನು? ಕೈ ಮುಗದು ಕಳಿಸಿಬಿಡೂಣು."

"ಬಂದು ಕೂತೋರನ್ನ ಎದ್ದು ಹೋಗಿ ಅನ್ನಕ್ಕಾಗುತ್ತೇನೋ?" ಅಂದ ತಮ್ಮ.

ನನಗೂ ಹಾಗೇ ಅನ್ನಿಸಿತು. ಯಾರನ್ನೂ ಎಬ್ಬಿಸಿ ಕಳಿಸಲಿಲ್ಲ. ತಮ್ಮ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಗೆಳೆಯ ಕೊನೆಯವರೆಗೂ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದ. ಮುಂದಿನ ವಾರಗಳಲ್ಲಿ ಅವತ್ತು ಬಂದಿದ್ದ ಎಷ್ಟೋ ಜನ ಷೇರು ತೆಗೆದುಕೊಂಡರು.

ಕೆಲವು ತಿಂಗಳ ಮೇಲೆ ಅವರಲ್ಲೊಬ್ಬರಿಗೂ ಅವರ ಹೆಂಡತಿಗೂ ಈ ವಿಷಯಕ್ಕೇ ಜಗಳವಾಗಿ, ಆ ಹೆಂಗಸು ರಾಜ್ಯದ ಷೇರು ಕಚೇರಿಗೆ ದೂರು ಕೊಟ್ಟರು. ಕಚೇರಿಯವರು ಷೇರು ತಗೊಂಡವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದರು: ಈ ಕಂಪನಿಯವರು ನಿಮಗೆ ಮೊದಲಿನಿಂದ ಗೊತ್ತಾ? ಹಲವರು ಇದ್ದದ್ದನ್ನು ಇದ್ದಹಾಗೇ ಹೇಳಿದರು. ಗೊತ್ತಿಲ್ಲ, ದೇವಸ್ಥಾನದಲ್ಲಿ ಮೈಕಿನಲ್ಲಿ ಹೇಳಿದ್ದು ಕೇಳಿ ಹೋದೆವು.

ಅದು ತಿಳಿದ ದಿನ ಸಂಜೆ ತಮ್ಮ ನಮ್ಮ ಮನೆಗೆ ಬಂದ. ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ. ಮೈಕಿನಲ್ಲಿ ಹೇಳಿಸಿದ್ದರಿಂದ ಅದು ಜಾಹೀರಾತು ಆಗಿಬಿಟ್ಟಿದೆ, ವಿನಾಯಿತಿ ಹೋಯಿತು, ಎಲ್ಲರಿಗೂ ದುಡ್ಡು ವಾಪಸ್ ಕೊಡುತ್ತೇವೆ ಅನ್ನಬೇಕಾಗುತ್ತದೆ ಎಂದ. ದುಡ್ಡು ಆಗಲೇ ಕಂಪನಿಗೆ ಖರ್ಚಾಗಿತ್ತು. ಹಾಗೆ ಕೊಡಬೇಕಾದರೆ ಕಂಪನಿ ಉಳಿಯುತ್ತಿರಲಿಲ್ಲ.

"ಅದನ್ನ ಹೇಳಿಸಿದ್ದು ಯಾರು ಅಂತ ನಿಂಗೇನಾದ್ರೂ ಗೊತ್ತಾ ಅಕ್ಕ?"

ನನಗೆ ಗೊತ್ತಿಲ್ಲ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ತಪ್ಪು ಚಿಕ್ಕದಾಗಿರುತ್ತಿತ್ತೇನೋ. ನಿಲ್ಲಿಸಲಿಲ್ಲ.

"ನಿನ್ನ ಸ್ನೇಹಿತರು ಮೈಕಿನ ಹತ್ರಾನೇ ನಿಂತಿದ್ರಲ್ಲ," ಅಂದೆ. "ಜನ ಬಂದ ತಕ್ಷಣ ಬೇಡ ಬೇಡ ಅಂದೋರೂ ಅವರೇ. ಏನೂ ಗೊತ್ತಿಲ್ದೋರು ಅಷ್ಟು ಬೇಗ ಹೆಂಗೆ ಬಂದು ಹೇಳ್ತಾರೆ?"

ಆತ ಮೈಕಿನ ಹತ್ತಿರ ಇದ್ದದ್ದು ನಿಜ. ಬೇಡ ಅಂದದ್ದೂ ನಿಜ. ಎರಡು ನಿಜವನ್ನು ಪಕ್ಕಪಕ್ಕ ಇಟ್ಟು ಒಂದು ಸುಳ್ಳು ಮಾಡಿದೆ. ತಮ್ಮ ಎದ್ದ. ಊಟಕ್ಕೆ ನಿಲ್ಲದೆ ಹೋದ.

ಮೈಕಿನಲ್ಲಿ ಹೇಳಿದ ಹಿರಿಯರು ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಬೆಂಗಳೂರಿಗೆ ಹೋಗಿದ್ದರು. ತಮ್ಮ ಫೋನ್ ಮಾಡಿ ಕೇಳಿದಾಗ ಅವರು, ಯಾರು ಅಂತ ನೆನಪಿಲ್ಲ, ಕಂಪನಿಯವರೇ ಹೇಳಿ ಕಳಿಸಿದ್ದು ಅಂತ ಮಾತ್ರ ಜ್ಞಾಪಕ ಇದೆ ಅಂದರಂತೆ. ತಮ್ಮನಿಗೆ ಇನ್ನೇನು ಬೇಕಿತ್ತು? ಕಂಪನಿಯವರು ಅಂದರೆ ಇಬ್ಬರೇ. ತಾನು ಹೇಳಿಲ್ಲ. ಗೆಳೆಯ ನಾನಲ್ಲ ಅಂದಷ್ಟೂ ಇವನಿಗೆ ಅನುಮಾನ ಬಲಿಯುತ್ತಾ ಹೋಯಿತು. ಅಷ್ಟು ಕಾಗದ, ಅಷ್ಟು ವಕೀಲರು ಅನ್ನುತ್ತಿದ್ದವನು ತಾನು ಮಾತ್ರ ಪಾರಾಗಲು ಮೊದಲೇ ದಾರಿ ಮಾಡಿಕೊಂಡಿದ್ದ ಎಂದು ನನ್ನ ಮಾತನ್ನೇ ತಿರುಗಿಸಿ ನನಗೆ ಹೇಳತೊಡಗಿದ. ನಾನು ಹೂಂಗುಟ್ಟಿದೆ. ಅವರಿಬ್ಬರೂ ಆಫೀಸಿನಲ್ಲಿ ಮಾತು ನಿಲ್ಲಿಸಿ ಪರಸ್ಪರ ಇ-ಮೇಲ್ ಬರೆದುಕೊಳ್ಳುತ್ತಿದ್ದಾರೆ ಎಂದು ಒಂದು ದಿನ ತಿಳಿಯಿತು. ಇಬ್ಬರ ಮೇಜಿನ ನಡುವೆ ಒಂದು ಮಾರು ದೂರವೂ ಇರಲಿಲ್ಲ.

ಆ ಕಚೇರಿಯ ಅಧಿಕಾರಿಣಿಯೊಬ್ಬರು ನಮ್ಮ ಮನೆಗೂ ಫೋನ್ ಮಾಡಿದ್ದರು. ದನಿ ಬಹಳ ಮೆತ್ತಗಿತ್ತು. ಅವತ್ತು ದೇವಸ್ಥಾನದಲ್ಲಿ ನೀವು ಇದ್ದಿರಂತೆ, ಪ್ರಕಟಣೆಯ ಬಗ್ಗೆ ಏನಾದರೂ ಗೊತ್ತಾ ಎಂದು ಕೇಳಿದರು. ಪ್ರಶ್ನೆ ನನಗೆ ಪೂರ್ತಿ ಅರ್ಥವಾಯಿತು. "ನೋ ಇಂಗ್ಲಿಷ್" ಎಂದು ಇಟ್ಟುಬಿಟ್ಟೆ. ಇಷ್ಟು ಮೆತ್ತಗೆ ಮಾತಾಡುವವರು ಗ್ರೀನ್ ಕಾರ್ಡಿನ ಕಡತಕ್ಕೆ ಕೈ ಹಾಕುತ್ತಾರೆ ಎಂದು ಭಯ. ನಮ್ಮದು ಇನ್ನೂ ಆಗಿರಲಿಲ್ಲ. ರಾಜ್ಯದವರು ವಾಷಿಂಗ್ಟನ್ನಿಗೆ ಹೇಳುತ್ತಾರೆ, ವಾಷಿಂಗ್ಟನ್ನಿನವರು ವೀಸಾದವರಿಗೆ ಹೇಳುತ್ತಾರೆ, ಎಲ್ಲರೂ ಒಳಗೊಳಗೇ ಒಂದೇ ಎಂದುಕೊಂಡಿದ್ದೆ. ಆದರೆ ಗ್ರೀನ್ ಕಾರ್ಡಿನ ಭಯ ನಾನು ಹೇಳಿಕೊಳ್ಳುತ್ತಿದ್ದ ನೆಪ. ನಿಜವಾದ ಭಯ ತಮ್ಮನ ಮುಖದ್ದು. ಅದು ನನ್ನ ಕಡೆ ಹೇಗೆ ತಿರುಗುತ್ತದೆ ಎಂದು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಅದೇ ಸಮಯಕ್ಕೆ ಆ ಕಚೇರಿಯವರು ಯಾವುದು ಜಾಹೀರಾತು, ಯಾವುದು ಅಲ್ಲ ಎಂಬ ನಿಯಮವನ್ನು ತಿದ್ದಲು ಹೊರಟಿದ್ದರು. ಇಲ್ಲಿ ಒಂದು ಪದ್ಧತಿ ಇದೆ. ಹೊಸ ನಿಯಮದ ಕರಡನ್ನು ಮೊದಲು ಜನರ ಮುಂದಿಡುತ್ತಾರೆ. ಯಾರು ಬೇಕಾದರೂ ಬರೆದು ಕಳಿಸಬಹುದು, ಬಂದು ಹೇಳಬಹುದು. ಹೇಳಿದ ಪ್ರತಿಯೊಂದಕ್ಕೂ ಅವರು ಉತ್ತರ ಕೊಟ್ಟ ಮೇಲೇ ನಿಯಮ ಗಟ್ಟಿಯಾಗಬೇಕು. ನನ್ನ ತಮ್ಮನ ಪ್ರಕರಣವೇ ಬೇರೆ, ಇದೇ ಬೇರೆ. ಆದರೂ ಹೋಗಿ ಹೇಳಿದರೆ ಒಳ್ಳೆಯದು ಎಂದು ವಕೀಲರು ಅಂದರು. ನಮ್ಮಂಥ ಸಮುದಾಯದ ಕೂಟದಲ್ಲಿ, ಕಂಪನಿಯವರನ್ನು ಕೇಳದೆ ಬೇರೆ ಯಾರೋ ನಾಲ್ಕು ಮಾತು ಅಂದರೆ ಅದನ್ನು ಕಂಪನಿಯ ಜಾಹೀರಾತು ಎಂದು ಹಿಡಿಯಬಾರದು, ಇದು ತಮ್ಮ ಹೇಳಬೇಕಿದ್ದ ಮಾತು. ಒಬ್ಬನೇ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಗೆಳೆಯನ ಜೊತೆ ಮಾತು ಇದ್ದಿದ್ದರೆ ಅವನನ್ನೇ ಕರೆದೊಯ್ಯುತ್ತಿದ್ದ. ನನ್ನನ್ನು ಕರೆದ.

ಸನ್ನಿವೇಲಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ, ಚಿಕ್ಕವನಿದ್ದಾಗ ಮಗ್ಗಿ ಹೇಳಿಕೊಳ್ಳುತ್ತಿದ್ದ ಹಾಗೆ. ನಾನು ಡಬ್ಬಿಯಲ್ಲಿ ಚಪಾತಿ ಸುತ್ತಿ ತಂದಿದ್ದೆ. ಅವನು ಮುಟ್ಟಲಿಲ್ಲ.

ಕೋರ್ಟಿನ ಹಾಗೆ ಕಟಕಟೆ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಒಂದು ಉದ್ದ ಮೇಜು, ನೀರಿನ ಜಗ್ಗು, ಮಡಿಸುವ ಕುರ್ಚಿಗಳು, ಮಾತಾಡಲು ಒಂದು ಮೈಕು. ಅಧ್ಯಕ್ಷತೆ ವಹಿಸಿದ್ದ ಹೆಂಗಸಿನ ದನಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ಫೋನಿನ ದನಿಯೇ ಅದು. ಸೂಟು ತೊಟ್ಟ ವಕೀಲರು ಒಬ್ಬರಾದ ಮೇಲೆ ಒಬ್ಬರು ಎದ್ದು, ವಾಷಿಂಗ್ಟನ್ ಹೀಗೆ ಮಾಡಿದೆ, ರಾಜ್ಯವೂ ಹಾಗೇ ಮಾಡಬೇಕು, ಮಾಡಬಾರದು ಎಂದು ಹೇಳಿ ಕೂತರು. ತಮ್ಮನ ಸರದಿ ಬಂತು. ಚೆನ್ನಾಗಿ ಹೇಳಿದ. ಆ ಹೆಂಗಸು ಬರೆದುಕೊಳ್ಳುತ್ತಾ ತಲೆ ಎತ್ತಿ, ನಿಮ್ಮಲ್ಲಿ ಆದ ಪ್ರಕಟಣೆಯನ್ನು ಹೇಳಿಸಿದವರು ಹೊರಗಿನವರೋ ಕಂಪನಿಯವರೋ, ಅದು ತಿಳಿದರೆ ಈ ಕರಡಿಗೆ ಸಹಾಯವಾಗುತ್ತದೆ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ನನ್ನ ಬಾಯಲ್ಲಿತ್ತು. ತಮ್ಮ, ತನಗೆ ಖಚಿತವಾಗಿ ಗೊತ್ತಿಲ್ಲ, ಬಹುಶಃ ತನ್ನ ಪಾರ್ಟ್ನರೇ ಹೇಳಿಸಿರಬೇಕು ಎಂದು ಹೇಳಿ ಬಂದು ಕೂತ.

ಆಗಲೇ ಆ ಹೆಂಗಸು ಇನ್ನು ಯಾರಾದರೂ ಇದ್ದೀರಾ ಎಂದು ಕೇಳಿದ್ದು. ಕೋಣೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ನನ್ನನ್ನೂ ನೋಡಿದರು. ಯಾರನ್ನೂ ಬಿಡದೆ ಕರೆಯುವ ರೀತಿ ಅದು. ಎಲ್ಲರನ್ನೂ ಕರೆಯಬೇಕೆಂದು ಹಟ ಹಿಡಿದವಳು ನಾನು, ನನ್ನನ್ನು ಕರೆದಾಗ ಹೋಗಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಕಾಗದ ಜೋಡಿಸಿಕೊಂಡು ಎದ್ದರು.

ಆಮೇಲೆ ಅವರ ಉತ್ತರಗಳು ಬಂದವು. ಪ್ರತಿಯೊಬ್ಬರ ಮಾತಿಗೂ ಒಂದೊಂದು ಉತ್ತರ, ತಮ್ಮನದಕ್ಕೂ ಇತ್ತು. ಅವನು ಓದಿ ನನಗೆ ಕನ್ನಡದಲ್ಲಿ ಹೇಳಿದ. ಹೊರಗಿನವರು ತಾವಾಗಿ ಹೇಳಿಸಿದ್ದು ಎಂದು ತೋರಿಸುವ ಉದಾಹರಣೆ ಯಾರೂ ಕೊಟ್ಟಿಲ್ಲ, ಮುಂದಿಟ್ಟ ಒಂದು ಉದಾಹರಣೆಯಲ್ಲೂ ಕಂಪನಿಯವರದೇ ಕೈ ಇದ್ದಂತೆ ಕಾಣುತ್ತದೆ, ಹಾಗಾಗಿ ಸಲಹೆ ಒಪ್ಪಿಲ್ಲ. ನಾನು ಎದ್ದು ಹೇಳಿದ್ದರೆ ಆ ನಿಯಮದ ಒಂದು ಸಾಲು ಬದಲಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಕನನ್ನು ಹೊರಗಿನವಳು ಅನ್ನುತ್ತಿದ್ದರೋ ಇಲ್ಲವೋ. ಆದರೆ ತಮ್ಮನ ಬಾಯಿಂದ ಬಂದ, ಆ ಗೆಳೆಯನ ಮೇಲಿನ ಮಾತು ಸರ್ಕಾರದ ಪುಸ್ತಕದಲ್ಲಿ ಹಾಗೇ ಉಳಿಯುತ್ತಿರಲಿಲ್ಲ.

ಕಂಪನಿ ಮುಚ್ಚಿತು. ಆ ಹೊತ್ತಿಗೆ ಸುತ್ತಲಿನ ಎಷ್ಟೋ ಕಂಪನಿಗಳು ಮುಚ್ಚುತ್ತಿದ್ದವು, ಹಾಗಾಗಿ ಯಾರೂ ವಿಶೇಷವಾಗಿ ಕಾರಣ ಕೇಳಲಿಲ್ಲ. ತಮ್ಮ ಬೇರೆ ಕಡೆ ಕೆಲಸಕ್ಕೆ ಸೇರಿದ. ಗೆಳೆಯನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ.

ಇಲ್ಲೇ ಹತ್ತಿರದ ಡಬ್ಲಿನ್ ಅನ್ನುವ ಊರಿನಲ್ಲಿದ್ದ ಆ ಗೆಳೆಯ ಟೆಕ್ಸಸ್ಸಿಗೆ ಹೊರಟಿದ್ದಾನೆ, ಗರಾಜಿನಲ್ಲಿ ಸಾಮಾನು ಮಾರುತ್ತಿದ್ದಾನೆ ಎಂದು ಗ್ರೋಸರಿಯಲ್ಲಿ ಕೇಳಿದೆ. ಅಲ್ಲಿ ಒಂದು ಗ್ರೈಂಡರ್ ಇದೆಯಂತೆ, ಕರೆದುಕೊಂಡು ಹೋಗು ಎಂದು ತಮ್ಮನಿಗೆ ಹೇಳಿದೆ. ಯಾರ ಮನೆ ಎಂದು ಹೇಳಲಿಲ್ಲ. ಅವತ್ತೂ ಬಾಯಿ ಬಿಡುತ್ತೇನೆ ಎಂಬ ಧೈರ್ಯ ನನಗಿರಲಿಲ್ಲ. ಒಮ್ಮೆ ಆತನ ಮುಖ ನೋಡಿ ಬಂದರೆ ಸಾಕು ಅನ್ನಿಸಿತ್ತು. ಫ್ರೀವೇ ಇಳಿದು ಆ ಬೀದಿಗೆ ತಿರುಗಿದ ಕೂಡಲೇ ತಮ್ಮನಿಗೆ ಗೊತ್ತಾಯಿತು. ಕಾರನ್ನು ಮನೆಯ ಮುಂದೆ ನಿಲ್ಲಿಸಿದ, ಆದರೆ ಇಳಿಯಲಿಲ್ಲ.

ಗೆಳೆಯ ಗರಾಜಿನಲ್ಲಿ ಒಬ್ಬನೇ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದ. ನನ್ನನ್ನು ನೋಡಿ, "ಬರ್ರಿ ಅಕ್ಕಾರ," ಎಂದು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದ. ಚಹಾ ಮಾಡಲೇ ಎಂದು ಕೇಳಿದ. ಗ್ರೈಂಡರಿನ ಕಲ್ಲು ಸ್ವಲ್ಪ ಸವೆದಿದೆ, ಆದರೆ ಹಿಟ್ಟು ಚೆನ್ನಾಗಿ ಆಗುತ್ತದೆ, ರೊಕ್ಕ ಏನೂ ಬೇಡ, ಹಾಗೇ ಒಯ್ಯಿರಿ ಅಂದ. ಹೊರಗೆ ನಿಂತಿದ್ದ ಕಾರನ್ನು ನೋಡಿದ. ಯಾರು ಕೂತಿದ್ದಾರೆ ಎಂದು ಕೇಳಲಿಲ್ಲ. ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸುತ್ತಾ ಹೇಳಿದ:

"ಅಕ್ಕಾರ, ನಾನು ಭಾಳ ವಿಚಾರ ಮಾಡೇನ್ರಿ. ಅವತ್ತು ಆ ಸ್ಪೀಕರ್ ತಿರುವೂ ಮುಂದ ಆ ಹಿರಿಯರ ಜೋಡಿ ಮಾತಾಡಿದ್ದೆ. ನಾನೇ ಏನರ ಬಾಯಿ ತಪ್ಪಿ ಅಂದಿದ್ದೆನೋ ಏನೋ ಅಂತ ಈಗೀಗ ನನಗೂ ಅನಸ್ಲಿಕತ್ತದ. ನಿಮ್ಮ ತಮ್ಮ ಸುಮ್ಮಸುಮ್ಮನ ಹಂಗ ಅನ್ನಾಂವ ಅಲ್ಲ."

ನಾನು ಬೇರೆಯವರನ್ನು ಅನುಮಾನಿಸಿದ್ದೆ, ತಮ್ಮನಿಗೆ ಅನುಮಾನ ಹಚ್ಚಿದ್ದೆ. ಮಾಡದ ತಪ್ಪಿಗೆ ಮನುಷ್ಯ ತನ್ನನ್ನೇ ಅನುಮಾನಿಸಿಕೊಳ್ಳುವುದನ್ನು ಕಂಡಿರಲಿಲ್ಲ. ಆತ ಗ್ರೈಂಡರ್ ಎತ್ತಿಕೊಂಡು ಕಾರಿನ ಕಡೆ ನಡೆದ. ಡಿಕ್ಕಿ ತೆಗೆಯಲು ತಮ್ಮ ಇಳಿಯಲೇಬೇಕಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಗ್ರೈಂಡರನ್ನು ಒಳಗಿಟ್ಟರು. ತಮ್ಮ ಡಿಕ್ಕಿ ಮುಚ್ಚಿ ತಿರುಗಿದಾಗ ನಾನು ಅವನ ಕೈ ಹಿಡಿದುಕೊಂಡೆ. ಹೊರಡೋಣ ಅಕ್ಕ ಅಂದ. ಬಿಡಲಿಲ್ಲ.

"ಅವತ್ತು ಮೈಕಲ್ಲಿ ಹೇಳಿಸಿದ್ದು ನಾನು ಕಣೋ. ಇವರಲ್ಲ. ಕಾಫಿ ಕೊಡ್ತಾ ನಾನೇ ಹೇಳ್ದೆ, ಕಂಪನಿಯವರು ಅಂತ ಸುಳ್ಳು ಸೇರಿಸ್ದೆ. ನೀನು ಕೇಳ್ದಾಗ ಇವರ ಮೇಲೆ ಹಾಕ್ದೆ. ಆ ಆಫೀಸಲ್ಲಿ ಅಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ." ತಮ್ಮನ ಮುಖ ನಾನು ಹೆದರಿದ ಹಾಗೆಯೇ ತಿರುಗಿತು. ನಾನು ಅದನ್ನೇ ನೋಡುತ್ತಾ, ಆಮೇಲೆ ಆ ಗೆಳೆಯನನ್ನೂ ನೋಡುತ್ತಾ ಹೇಳಿದೆ: "ನೀವೇನೂ ಅಂದಿಲ್ಲಪ್ಪ, ನೀವು ಯಾರಿಗೂ ಏನೂ ಅಂದಿಲ್ಲ. ತಪ್ಪೆಲ್ಲಾ ನಂದು. ನಿಮ್ಮಿಬ್ಬರಿಗೂ ಅನ್ಯಾಯ ಮಾಡ್ದೆ. ನನ್ನ ಕ್ಷಮಿಸಿ."